ಮೂಲೆಗೆ ಹಚ್ಚಿದ ಅರಿಶಿಣ

ಬೆಟಗೇರಿ
ಸರ್ವಜಿತ್ ಸಂವತ್ಸರ, ಹಿರಿಯರ ಅಮಾವಾಸ್ಯೆ
ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ನೂರಾ ಎಂಬತ್ತೇಳನೆಯ ಇಸವಿ

ಅಚ್ಚಿನಮನಿ ಬಸಲಿಂಗವ್ವನವರಿಗೆ, ಅವರ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ಫಕೀರವ್ವ ಮಾಡುವ ಶರಣು.

ಮೊದಲಿಗೆ ಈ ದಿನಾಂಕಕ್ಕಾಗಿ ಕ್ಷಮೆ ಕೇಳುತ್ತೇನೆ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಈ ಇಸವಿ ಇಲ್ಲ. ಅದು ಬರಲು ನಿಮಗೆ ಇನ್ನೂ ನೂರಾ ಅರವತ್ತು ವರ್ಷ ಬೇಕು. ಯಾರೋ ತಲೆಕೆಟ್ಟವರು ಬರೆದದ್ದೆಂದು ಪತ್ರವನ್ನು ಒಲೆಗೆ ಹಾಕುವ ಮುನ್ನ ಒಂದು ಮಾತು ಕೇಳಿ. ನಮ್ಮ ಕಾಲದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಎಡೆಯ ಪಕ್ಕದಲ್ಲಿ ಒಂದು ಪತ್ರವನ್ನೂ ಇಡುತ್ತೇವೆ. ಹೋಳಿಗೆಯನ್ನು ಕಾಗೆ ಒಯ್ಯುತ್ತದೆ. ಪತ್ರವನ್ನು ಯಾರು ಒಯ್ಯುತ್ತಾರೆಂದು ನಾವು ವಿಚಾರಿಸುವುದಿಲ್ಲ. ‘ನಾವೆಲ್ಲ ಆರಾಮ, ನಿಮ್ಮ ಆಶೀರ್ವಾದ ಇರಲಿ’ ಎಂದು ಎರಡು ಸಾಲು ಗೀಚಿ ಊಟಕ್ಕೆ ಕೂಡುವವರೇ ಬಹಳ. ನಾನೂ ನಲವತ್ತು ವರ್ಷ ಹಾಗೆಯೇ ಮಾಡಿದೆ. ಈ ಸಲ ಉದ್ದ ಬರೆಯುತ್ತಿದ್ದೇನೆ, ಏಕೆಂದರೆ ಈ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ, ಮತ್ತು ಆ ತಪ್ಪನ್ನು ನನಗೆ ತೋರಿಸಿಕೊಟ್ಟವರಲ್ಲಿ ನೀವೂ ಒಬ್ಬರು. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಲಗ್ನಪತ್ರಿಕೆಗಳನ್ನು ಓದಿ ಕಲಿತವಳು ನಾನು. ಅಲ್ಲಲ್ಲಿ ‘ಸಹಕುಟುಂಬ ಸಪರಿವಾರ’ ಎಂಬ ಧಾಟಿ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಮನೆಯಲ್ಲಿ ನಾವೀಗ ಉಸಿರಪಟ್ಟಿ ಅಚ್ಚು ಹಾಕುತ್ತೇವೆ. ಇದು ಹೊಸ ಮಾತು, ಬಿಡಿಸಿ ಹೇಳುತ್ತೇನೆ. ಹತ್ತಿಯ ತಿರುಳಿನಿಂದ ಮಾಡಿದ, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಒಂದು ಪಟ್ಟಿ. ಎರಡು ಬೆರಳು ಅಗಲ, ಒಂದು ಗೇಣಿಗೆ ತುಸು ಕಡಿಮೆ ಉದ್ದ. ಅದರ ಮೇಲೆ ಬೆಳ್ಳಿಯ ಶಾಯಿಯಲ್ಲಿ ಕೂದಲೆಳೆಯಂಥ ಗೆರೆಗಳನ್ನು, ಮಸಿಯ ಶಾಯಿಯಲ್ಲಿ ನಾಲ್ಕು ಮನೆಗಳನ್ನು, ಅವುಗಳ ಮೇಲೆ ಗಾಳಿಯನ್ನು ಗುರುತಿಸುವ ಇನ್ನೊಂದು ಶಾಯಿಯನ್ನು ಅಚ್ಚು ಹಾಕುತ್ತೇವೆ. ನಿಮ್ಮಲ್ಲಿ ದೊಡ್ಡ ಪೆಟ್ಟಿಗೆಗಳೊಳಗೆ ಕೂತಿರುವ ವಿದ್ಯುತ್ ಯಂತ್ರವೇ ಇದು, ಮಡಚಿದರೆ ಮಡಚುತ್ತದೆ, ಸುತ್ತಿದರೆ ಸುತ್ತಿಕೊಳ್ಳುತ್ತದೆ. ಮುಂಗೈಗೆ ಕಟ್ಟಿಕೊಂಡರೆ ಮೈಯ ಬಿಸಿಯೇ ಅದಕ್ಕೆ ಸಾಕು. ಧೂಳಿಗೊಂದು ಮನೆ, ಹೊಗೆಗೊಂದು, ಬಿಸಿಲಿಗೊಂದು, ಎಣ್ಣೆಬಂಡಿಗಳ ಆವಿಗೊಂದು. ಗಾಳಿ ಚೆನ್ನಾಗಿದ್ದರೆ ಮನೆ ಹಸಿರಾಗಿರುತ್ತದೆ, ಕೆಟ್ಟರೆ ಕಪ್ಪಾಗುತ್ತದೆ. ಅಚ್ಚು ಹಾಕುವ ಕ್ರಮ ಮಾತ್ರ ನಿಮ್ಮದೇ: ಅದೇ ಕಟ್ಟಿಗೆಯ ಚೌಕಟ್ಟು, ಅದೇ ಬಿಗಿದ ಜಾಲರಿ, ಅದೇ ರಬ್ಬರಿನ ಅಂಚಿನ ಹಿಡಿಕೆಯಿಂದ ಶಾಯಿಯನ್ನು ಎಳೆಯುವುದು. ಪತ್ರಿಕೆ ಒಣಗಿಸಲು ನೀವು ಮಾಡಿಸಿದ ಅಟ್ಟಣಿಗೆಯ ಮೇಲೆಯೇ ಪಟ್ಟಿಗಳೂ ಒಣಗುತ್ತವೆ. ಅದರ ಒಂದು ಕಾಲು ಮಾತ್ರ ಬದಲಾಗಿದೆ.

ನಿಮ್ಮ ಕಾಲದಲ್ಲಿ ಗಾಳಿಯ ಲೆಕ್ಕ ಹೇಳಲು ಊರಿಗೊಂದು ಕಂಬ ಇತ್ತೆಂದು ಓದಿದ್ದೇನೆ. ಕಂಬಕ್ಕೆ ಗೊತ್ತಾಗುವುದು ಕಂಬದ ಗಾಳಿ. ಒಲೆಯ ಮುಂದೆ ಕೂತವಳ ಗಾಳಿ ಬೇರೆ, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ನಿಂತವನ ಗಾಳಿ ಬೇರೆ. ನಮ್ಮಲ್ಲಿ ಪ್ರತಿಯೊಬ್ಬರೂ ಬೆಳಿಗ್ಗೆ ಒಂದು ಪಟ್ಟಿ ಹರಿದು ಕಟ್ಟಿಕೊಳ್ಳುತ್ತಾರೆ, ಸಂಜೆ ಬಿಚ್ಚಿ ಓಣಿಯ ಗಾಳಿಕಟ್ಟೆಯ ಗಡಿಗೆಯಲ್ಲಿ ಹಾಕುತ್ತಾರೆ. ಗಾಳಿಕಟ್ಟೆ ಎಂದರೆ ನಿಮ್ಮ ಅರಳಿಕಟ್ಟೆಯೇ. ಹರಟೆ ಅಲ್ಲಿಯಷ್ಟೇ ನಡೆಯುತ್ತದೆ, ಆದರೆ ಪಕ್ಕದಲ್ಲಿ ಒಂದು ಹಲಗೆ ಇರುತ್ತದೆ. ಎಲ್ಲ ಪಟ್ಟಿಗಳನ್ನೂ ಕೂಡಿಸಿ ಯಾವ ಓಣಿಯ ಗಾಳಿ ಹೇಗಿತ್ತೆಂದು ಅದರ ಮೇಲೆ ಬರೆಯುತ್ತಾರೆ. ಹೆಸರು ಬರೆಯುವುದಿಲ್ಲ. ಇನ್ನೊಬ್ಬರ ಮುಂಗೈಯನ್ನು ಇಣುಕಿ ನೋಡುವುದು ನಮ್ಮಲ್ಲಿ ತೀರ ಅಸಭ್ಯ, ಊಟ ಮಾಡುವವರ ತಾಟು ನೋಡಿದ ಹಾಗೆ. ಈ ಹಲಗೆಯಿಂದಲೇ ಸುಣ್ಣದ ಭಟ್ಟಿಗಳು ಊರ ಹೊರಗೆ ಹೋದವು, ಜಿನ್ನುಗಳಿಗೆ ಧೂಳು ಹೀರುವ ಚೀಲ ಬಂದವು. ನನ್ನ ಅಜ್ಜಿಗಿದ್ದ ಕೆಮ್ಮು ನನ್ನ ಮೊಮ್ಮಗಳಿಗಿಲ್ಲ. ಲಗ್ನಕ್ಕೆ ಪಂಚಾಂಗದ ಮುಹೂರ್ತವಲ್ಲದೆ ಗಾಳಿಮುಹೂರ್ತವನ್ನೂ ಕೇಳುವವರಿದ್ದಾರೆ; ಎರಡೂ ಕೂಡಿ ಬರದೆ ಹೆಣ್ಣಿನ ಕಡೆಯವರು ಒದ್ದಾಡುವುದುಂಟು. ಆದರೂ ಮನುಷ್ಯ ಮನುಷ್ಯನೇ. ಮಿರ್ಚಿ ಭಜಿಯ ಅಂಗಡಿಯ ಮುಂದೆ ಎಣ್ಣೆಯ ಹೊಗೆಗೆ ಪಟ್ಟಿ ಕಪ್ಪಾಗುತ್ತದೆ, ಆಗ ನಮ್ಮ ಜನ ಕೈ ಹೊರಳಿಸಿ ಪಟ್ಟಿಯನ್ನು ಕೆಳಗೆ ಮಾಡಿಕೊಂಡು ಇನ್ನೆರಡು ಭಜಿ ಹಾಕಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಹೆಮ್ಮೆಯಿಂದ ಹೇಳುವುದಕ್ಕೆ ಕಾರಣ, ಊರಿನ ಪಟ್ಟಿಯ ಅಚ್ಚಿಗೆ ಇಪ್ಪತ್ತಾರು ವರ್ಷದಿಂದ ನಾನೇ ಹಿರಿಯಳು. ನನ್ನ ಸ್ವಭಾವವನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂರು ಶಾಯಿಯ ಗುರುತುಗಳು ಒಂದರ ಮೇಲೊಂದು ಕೂದಲಷ್ಟೂ ತಪ್ಪದೆ ಕೂಡಬೇಕು, ಕೈ ಶುದ್ಧವಿರಬೇಕು, ಅಚ್ಚಿನ ಕೋಣೆಯಲ್ಲಿ ಸೀನಬಾರದು. ನನ್ನ ಹತ್ತಿರ ಕೆಲಸ ಕಲಿತವರು ಈಗಲೂ ಬಾಗಿಲಲ್ಲಿ ನಿಂತು ಒಮ್ಮೆ ಕೈ ನೋಡಿಕೊಂಡು ಒಳಗೆ ಬರುತ್ತಾರೆ.

ಒಣಗುವ ಅಟ್ಟಣಿಗೆ ನೋಡಿಕೊಳ್ಳುತ್ತಿದ್ದವಳು ದುರಗವ್ವ. ನನಗಿಂತ ಎಂಟು ವರ್ಷ ದೊಡ್ಡವಳು, ಎಪ್ಪತ್ತೊಂದರ ಮುದುಕಿ. ತಾಯಿಯ ಮನೆ ನೂಲಿಗೆ ಬಣ್ಣ ಹಾಕುವವರದು. ಅವಳಿಗೆ ಒಂದು ರೂಢಿ ಇತ್ತು. ದಿನದ ಮೊದಲ ಹಾಳೆಯ ನಾಲ್ಕು ಮೂಲೆಗೂ ಒದ್ದೆ ಅರಿಶಿಣ ಮುಟ್ಟಿಸದೆ ಅದನ್ನು ಅಟ್ಟಣಿಗೆಗೆ ಏರಿಸುತ್ತಿರಲಿಲ್ಲ. ಲಗ್ನಪತ್ರಿಕೆಯ ಕಾಲದಿಂದ ಈ ಮನೆಯಲ್ಲಿ ಕೈಯಿಂದ ಕೈಗೆ ಬಂದ ಪದ್ಧತಿ ಅದು. ಒಂದು ಹಾಳೆ ತಾನೇ ಎಂದು ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಆದರೆ ಈ ಶ್ರಾವಣದಲ್ಲಿ, ಶಾಲೆಗಳಿಗೆ ಕಳಿಸುವ ಪಟ್ಟಿಗಳು ಹಸಿಯಿರುವಾಗಲೇ ಅವಳ ಅರಿಶಿಣದ ಬಟ್ಟಲು ಅಟ್ಟಣಿಗೆಯ ಮೇಲೆ ಮಗುಚಿತು. ಒರೆಸಿದಳು, ನನಗೆ ಹೇಳಲಿಲ್ಲ. ಅರಿಶಿಣದ ನೀರು ಬೆಳ್ಳಿಯ ಗೆರೆಗೆ ಇಳಿದಿತ್ತು. ಪಂಚಮಿಯ ದಿನ ಇನ್ನೂರು ಮಕ್ಕಳ ಪಟ್ಟಿ ಬೆಳಿಗ್ಗೆಯೇ ಕಪ್ಪಾದವು. ಆಕಾಶ ತಿಳಿಯಾಗಿದ್ದರೂ ಧೂಳು ಬಹಳ ಎಂದು ಮಾಸ್ತರರು ಮಕ್ಕಳನ್ನು ಒಳಗೆ ಕೂಡಿಸಿ ಬಾಗಿಲು ಹಾಕಿದರು. ಮರಕ್ಕೆ ಕಟ್ಟಿದ ಜೋಕಾಲಿಗಳು ದಿನವಿಡೀ ಖಾಲಿ ತೂಗಿದವು. ಪಂಚಮಿಗೆ ಜೋಕಾಲಿ ತಪ್ಪಿದ ಮಕ್ಕಳ ಸಿಟ್ಟು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಮರುದಿನ ಅವರ ತಾಯಂದಿರೂ ಸೇರಿ ನಮ್ಮ ಅಂಗಳಕ್ಕೆ ಬಂದರು.

ಅವರೆಲ್ಲರ ಎದುರಿಗೇ ನಾನು ದುರಗವ್ವನಿಗೆ ಹೇಳಿದೆ: “ನಾಳಿಂದ ಕೈ ತೊಳ್ಕೊಂಡ ಬಾ, ಇಲ್ಲಾಂದ್ರ ಬರಬ್ಯಾಡ.”

ಸೆರಗಿಗೆ ಕೈ ಒರೆಸಿಕೊಂಡು ಹೋದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ತಪ್ಪು ಅವಳದೇ, ಹೌದು. ಆದರೆ ಇಪ್ಪತ್ತು ವರ್ಷ ಜೊತೆಗಿದ್ದವಳಿಗೆ ಜನರ ಮುಂದೆ ಆಡುವ ಮಾತಲ್ಲ ಅದು. ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು, ಗೊತ್ತಿದ್ದೂ ಮನೆಗೆ ಹೋಗಿ ಕರೆಯಲಿಲ್ಲ. ಅರಿಶಿಣ ಇನ್ನು ಈ ಮನೆಯ ಹೊಸ್ತಿಲು ದಾಟಬಾರದು ಎಂದು ಬಾಗಿಲಿಗೆ ಬರೆದು ಅಂಟಿಸಿದೆ. ಹೊಸ್ತಿಲಿಗೇ ಅರಿಶಿಣ ಹಚ್ಚುವ ನಾಡಿನಲ್ಲಿ ಹೀಗೆ ಬರೆದವಳು ನಾನೊಬ್ಬಳೇ ಇರಬೇಕು.

ಈಗ ನನ್ನ ಮೊಮ್ಮಗಳ ವಿಷಯ. ಅವಳ ಹೆಸರು ಸುವ್ವಿ, ವಯಸ್ಸು ಇಪ್ಪತ್ತೆರಡು. ಐದನೆಯ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಅವಳ ಮೂಗು ಸತ್ತುಹೋಯಿತು. ಮಲ್ಲಿಗೆಯೂ ಒಂದೇ, ಹಳಸಿದ ಸಾರೂ ಒಂದೇ. ಹಾಲು ಉಕ್ಕಿ ಸೀದರೂ ತಿಳಿಯದು. ಅವಳ ಮೂಗಿನ ಕೆಲಸವನ್ನು ಮುಂಗೈ ಮಾಡಲಿ ಎಂದೇ ನಾನು ಈ ಕಸುಬಿನಲ್ಲಿ ಇಷ್ಟು ಬಿಗಿಯಾದೆ ಎಂದರೆ ನೀವು ನಂಬಬೇಕು. ಊರ ಹೊರಗಿನ ತಂಪುಮನೆಯಲ್ಲಿ ಅವಳಿಗೆ ಕೆಲಸ. ಒಣ ಮೆಣಸಿನಕಾಯಿಯ ಬಣ್ಣ ಕೆಡದಂತೆ ಚೀಲಗಟ್ಟಲೆ ಇಡುವ ದೊಡ್ಡ ಕಟ್ಟಡ ಅದು. ತಂಪು ಮಾಡಲು ಗೋಡೆಗುಂಟ ಕೊಳವೆಗಳಲ್ಲಿ ಅಮೋನಿಯಾ ಹರಿಯುತ್ತದೆ. ನಿಮ್ಮ ಕಾಲದಲ್ಲೂ ಅದನ್ನೇ ಬಳಸುತ್ತಿದ್ದಿರಂತೆ; ಕೆಲವು ಸಂಗತಿಗಳು ಬದಲಾಗಿಲ್ಲ. ಅದು ಸೋರಿದರೆ ತಿಳಿಸಲು ಗೋಡೆಗೊಂದು ಗಂಟೆ ಇತ್ತು. ಗಂಟೆ ಕೆಟ್ಟು ರಿಪೇರಿಗೆ ಹೋಗಿ ತಿಂಗಳಾಗಿತ್ತು. ಎಲ್ಲರ ಕೈಯಲ್ಲೂ ಪಟ್ಟಿ ಇದೆಯಲ್ಲ, ಅವಸರವೇನು ಎಂದುಕೊಂಡು ಯಾರೂ ಅದರ ಬೆನ್ನು ಹತ್ತಿರಲಿಲ್ಲ. ನನ್ನ ಪಟ್ಟಿಯ ನಾಲ್ಕು ಮನೆಗಳಲ್ಲಿ ಅಮೋನಿಯಾಕ್ಕೆ ಮನೆಯೇ ಇಲ್ಲವೆಂಬುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿದೆ ಎಂದುಕೊಂಡಿದ್ದೆ.

ಭಾದ್ರಪದದ ಮೊದಲ ವಾರ, ಮಧ್ಯಾಹ್ನ ಊಟದ ನಂತರ, ಸುವ್ವಿ ಚೀಲ ಎಣಿಸುತ್ತಿದ್ದಳು. ಕಣ್ಣು ಉರಿಯಿತು. ಮೆಣಸಿನಕಾಯಿಯ ಮನೆಯಲ್ಲಿ ಕಣ್ಣು ಉರಿಯದೆ ತಣ್ಣಗಿರುತ್ತದೆಯೇ, ಎಲ್ಲರೂ ಹಾಗೆಯೇ ಅಂದುಕೊಂಡರು. ಉಳಿದವರು ಘಾಟಿಗೆ ಮೂಗಿನ ಮೇಲೆ ಎರಡು ಮಡಿಕೆ ಬಟ್ಟೆ ಕಟ್ಟಿಕೊಂಡಿದ್ದರು. ಸುವ್ವಿ ಮುಂಗೈ ನೋಡಿಕೊಂಡಳು. ನಾಲ್ಕೂ ಮನೆ ಹಸಿರು. ಆದರೆ ಬೆಳಿಗ್ಗೆ ಹಳದಿಯಾಗಿದ್ದ ಪಟ್ಟಿಯ ನಾಲ್ಕು ಮೂಲೆಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು.

ಮೂಲೆಗೆ ಹಳದಿ ಎಲ್ಲಿಂದ ಬಂತೆಂದರೆ, ನನಗೆ ಗೊತ್ತಿಲ್ಲದಂತೆ ನನ್ನ ಮೊಮ್ಮಗಳು ದಿನಾ ಕೆಲಸಕ್ಕೆ ಹೋಗುವಾಗ ದುರಗವ್ವನ ಮನೆಯ ಮುಂದೆ ಹಾದು ಹೋಗುತ್ತಿದ್ದಳು. ಮುದುಕಿ ಕಟ್ಟೆಯ ಮೇಲೆ ಬಟ್ಟಲು ಇಟ್ಟುಕೊಂಡು ಕೂತಿರುತ್ತಿದ್ದಳು, ಇವಳು ಕೈ ಚಾಚುತ್ತಿದ್ದಳು. ಗೆರೆಗೆ ತಾಕದಂತೆ, ಬರೀ ಮೂಲೆಗೆ. ಮೊದಲ ದಿನವೇ ದುರಗವ್ವ ಒಂದು ಮಾತು ಹೇಳಿದ್ದಳಂತೆ: “ಮೂಲಿ ಕೆಂಪಾದ್ರ ಮೊದಲ ಹೊರಗ ಬಾ, ಆಮ್ಯಾಲ ವಿಚಾರ ಮಾಡು.”

ಸುವ್ವಿ ಹೊರಗೆ ಬಂದಳು, ಬರುವಾಗ ಎಲ್ಲರನ್ನೂ ಕರೆದಳು. ಮೇಸ್ತ್ರಿ ತನ್ನ ಹಸಿರು ಪಟ್ಟಿ ತೋರಿಸಿ ನಕ್ಕನು. ನಿನ್ನ ಅಜ್ಜಿ ಅಚ್ಚು ಹಾಕಿದ್ದನ್ನೇ ನೀನು ನಂಬುವುದಿಲ್ಲವೇನು ಎಂದನು. ಅವಳು ಬಾಗಿಲಲ್ಲಿ ನಿಂತು ಅವನಿಗೆ ಅನ್ನಬಾರದ್ದನ್ನು ಅಂದಳು, ಏನೆಂದು ಇಲ್ಲಿ ಬರೆಯುವುದಿಲ್ಲ. ಆ ಮಾತಿಗೆ ಉತ್ತರ ಕೊಡಲು ಮೇಸ್ತ್ರಿ ಹೊರಗೆ ಬಂದನು, ಜಗಳ ನೋಡಲು ಉಳಿದ ಹತ್ತು ಜನ ಹೊರಗೆ ಬಂದರು. ನಮ್ಮ ಊರಿನ ಜನರನ್ನು ಬೆಂಕಿ ಬಿದ್ದರೂ ಅಷ್ಟು ಬೇಗ ಹೊರಗೆ ತರಲಾಗುವುದಿಲ್ಲ. ಅವರು ಗೇಟಿನ ಹತ್ತಿರ ಕೈ ಬೀಸಿ ವಾದಿಸುತ್ತಿರುವಾಗಲೇ ಒಳಗಿನ ಕೊಳವೆ ಒಡೆಯಿತು. ಬಿಳಿ ಆವಿ ಬಾಗಿಲಿನಿಂದ ಉಕ್ಕಿತು. ಗಾಳಿಯೂ ಅವರ ಕಡೆ ಬೀಸದೆ ಹೊಲದ ಕಡೆ ಹೋಯಿತು. ಹನ್ನೆರಡು ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ಆ ಸಂಜೆ ಸುವ್ವಿ ಪಟ್ಟಿ ಬಿಚ್ಚಿ ನನ್ನ ಮುಂದೆ ಇಟ್ಟಳು. ನನ್ನ ಅಚ್ಚು ಅಚ್ಚುಕಟ್ಟಾಗಿತ್ತು, ಮೂರೂ ಗುರುತು ಕೂದಲಷ್ಟೂ ತಪ್ಪಿರಲಿಲ್ಲ, ನಾಲ್ಕೂ ಮನೆ ಹಸಿರಾಗಿ ಹೊಳೆಯುತ್ತಿದ್ದವು. ಆ ಹಸಿರನ್ನು ನಂಬಿದ್ದರೆ ನನ್ನ ಕೂಸು ಇವತ್ತು ಇರುತ್ತಿರಲಿಲ್ಲ. ನಾನು ಅತ್ತೆ. ಸುವ್ವಿ ಸಮಾಧಾನ ಮಾಡಲು ಬಂದಳು, ಅವಳನ್ನು ಗದರಿಸಿ ಮತ್ತೆ ಅತ್ತೆ. ಅರಿಶಿಣಕ್ಕೆ ಸುಣ್ಣ ಕೂಡಿದರೆ ಕೆಂಪಾಗುವುದು ಆರತಿಯ ತಟ್ಟೆ ಹಿಡಿದ ಪ್ರತಿ ಹೆಣ್ಣುಮಗುವಿಗೂ ಗೊತ್ತು. ಸುಣ್ಣದ ಗುಣವೇ ಅಮೋನಿಯಾಕ್ಕೂ ಇದೆ. ಶಾಯಿಗಳ ಬಗ್ಗೆ ನಾಲ್ಕು ಊರಿನಲ್ಲಿ ಪಾಠ ಹೇಳಿ ಬಂದವಳು ನಾನು. ಅಡುಗೆಮನೆಯ ಡಬ್ಬಿಯಲ್ಲಿದ್ದ ಶಾಯಿ ನನ್ನ ಕಣ್ಣಿಗೆ ಬೀಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಮರುದಿನ ಬೆಳಿಗ್ಗೆ ದುರಗವ್ವನ ಮನೆಗೆ ಹೋದೆ. ದಾರಿಯಲ್ಲಿ ಮಾತು ಕೂಡಿಸಿಕೊಂಡು ಹೋಗಿದ್ದೆ, ಕಟ್ಟೆ ಕಂಡ ಕೂಡಲೇ ಎಲ್ಲ ಮರೆತುಹೋಯಿತು. ತಪ್ಪಾಯಿತು ಎಂದಷ್ಟೇ ಹೇಳಿ ಅವಳ ಕಾಲು ಮುಟ್ಟಿದೆ. ಇದು ಕೆಂಪಾಗುವುದು ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ತನ್ನ ತಾಯಿಯ ಬಣ್ಣದ ಮನೆಯಲ್ಲಿ ಸೌಳಿನ, ಅಂದರೆ ಘಾಟು ಏಳುವ ಕ್ಷಾರದ ನೀರಿನ, ಹಂಡೆಯ ಹತ್ತಿರ ತೂಗುಹಾಕಿದ ಹಳದಿ ನೂಲು ಕೆಂಪಾಗುತ್ತಿತ್ತು, ಕೆಂಪಾದ ಕೂಡಲೇ ತಾಯಿ ಮಕ್ಕಳನ್ನು ಹೊರಗೆ ಅಟ್ಟುತ್ತಿದ್ದಳು, ಅಷ್ಟು ಗೊತ್ತು ಎಂದಳು. ಮೂಲೆಗೆ ಹಚ್ಚುವುದು ಅರ್ಧ ಅದಕ್ಕೆ, ಅರ್ಧ ಶುಭಕ್ಕೆ. ಇಪ್ಪತ್ತು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಇಪ್ಪತ್ತು ವರ್ಷ ನಾನು ಕೇಳಿರಲಿಲ್ಲ. ಕೆಲಸಕ್ಕೆ ಬಾ ಎಂದು ಕರೆದೆ. ಅವಳು ಎದ್ದು ನಿಂತು ತನ್ನ ಹಳದಿ ಬೆರಳುಗಳನ್ನು ನನ್ನ ಮುಂದೆ ಹಿಡಿದಳು.

“ಕೈ ತೊಳ್ಕೊಂಡ ಬರ್ಲೇನು, ಹಿಂಗ ಬರ್ಲೇನು?”

“ಹಿಂಗ ಬಾ, ಅಕ್ಕಾ,” ಎಂದೆ.

ಈಗ ಪ್ರತಿ ಪಟ್ಟಿಗೂ ಐದನೆಯ ಮನೆ ಇದೆ, ಅದು ನಾಲ್ಕು ಮೂಲೆಗಳಲ್ಲಿ ಹಂಚಿಹೋಗಿದೆ. ಅರಿಶಿಣವನ್ನು ಜಾಲರಿಯಿಂದಲೇ ಎಳೆಯಲು ನಾನು ಹತ್ತು ಬಗೆಯಲ್ಲಿ ನೋಡಿದೆ. ಜಾಲರಿಯ ಕಣ್ಣುಗಳು ಕಟ್ಟಿಕೊಂಡು ನನ್ನ ಒಳ್ಳೆಯ ಚೌಕಟ್ಟು ಹಾಳಾಯಿತು, ದುರಗವ್ವ ಪಕ್ಕದಲ್ಲಿ ನಿಂತು ನಗು ತಡೆದುಕೊಂಡಳು. ಆದ್ದರಿಂದ ಬೆರಳಿನಿಂದಲೇ ಹಚ್ಚುತ್ತೇವೆ. ಆರು ಜನ ಹುಡುಗಿಯರಿಗೆ ಅವಳು ಕಲಿಸಿದ್ದಾಳೆ. ತಂಪುಮನೆಯ ಗಂಟೆಯೂ ತಿರುಗಿ ಗೋಡೆಗೆ ಬಂದಿದೆ, ಅದಿಲ್ಲದೆ ಪಟ್ಟಿ ಕೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಕಿತ್ತೆ. ಅಂಟು ಬಿಡದೆ ‘ಅರಿಶಿಣ’ ಎಂಬ ಒಂದು ಮಾತು ಮಾತ್ರ ಬಾಗಿಲ ಮೇಲೆ ಉಳಿದಿದೆ, ಇರಲಿ ಎಂದು ಬಿಟ್ಟಿದ್ದೇನೆ.

ಈ ರೂಢಿ ಎಲ್ಲಿಂದ ಬಂತೆಂದು ತಿಳಿಯಲು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಗೆ ನಿಮ್ಮ ಹೆಸರಿತ್ತು. ಒಳಗೆ ಒಂದೇ ಲಗ್ನದ ಎರಡು ಪತ್ರಿಕೆಗಳು. ಒಂದರ ನಾಲ್ಕು ಮೂಲೆಗೆ ಹಳದಿ ಶಾಯಿಯನ್ನು ಅಚ್ಚು ಹಾಕಿದ್ದಾರೆ, ನಾಲ್ಕೂ ಒಂದೇ ಅಳತೆ, ಬಹಳ ನೀಟು. ಇನ್ನೊಂದರ ಮೂಲೆಗಳಿಗೆ ಬೆರಳಿನಿಂದ ಹಚ್ಚಿದ ಅರಿಶಿಣ, ಒಂದು ದೊಡ್ಡದು, ಒಂದು ಸಣ್ಣದು. ಅದರ ಹಿಂದೆ ಪೆನ್ನಿನಲ್ಲಿ ನಿಮ್ಮ ಅಕ್ಷರ: ‘ಅಚ್ಚಿನ ಹಳದಿ ಬ್ಯಾಡ ಅಂತ ಹೇಳೀನಿ. ಮಗ ಕೇಳವಲ್ಲ.’

ಬೆಳಕು ಕಾಣದ ಪೆಟ್ಟಿಗೆಯಲ್ಲಿ ನಿಮ್ಮ ಅರಿಶಿಣದ ಬಣ್ಣ ಅಷ್ಟಿಷ್ಟು ಉಳಿದಿತ್ತು. ನಾನು ಎರಡೂ ಪತ್ರಿಕೆಗಳ ಒಂದೊಂದು ಮೂಲೆಗೆ ಸುಣ್ಣದ ನೀರು ಮುಟ್ಟಿಸಿ ನೋಡಿದೆ. ನಿಮ್ಮ ಮಗನ ಹಳದಿ ಹಳದಿಯಾಗಿಯೇ ಇತ್ತು. ನಿಮ್ಮ ಬೆರಳಿನ ಗುರುತು ನಿಧಾನವಾಗಿ ಕೆಂಪಾಯಿತು.

ಆದ್ದರಿಂದ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಈ ಜಗಳ ಇನ್ನೂ ನಡೆಯುತ್ತಿರಬಹುದು. ಸಾವಿರ ಪತ್ರಿಕೆಗೆ ನಾಲ್ಕು ಸಾವಿರ ಮೂಲೆ, ಬೆರಳು ನೋಯುತ್ತದೆ, ಮೊಬೈಲಿನಲ್ಲೇ ಕರೆಯುವ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು ಎಂದು ಮಗ ಕೇಳುತ್ತಾನೆ. ಅವನ ಮಾತೂ ಸುಳ್ಳಲ್ಲ. ಅವನನ್ನು ಬೈಯಬೇಡಿ, ಅವನ ಅಚ್ಚುಕಟ್ಟುತನವೇ ನನ್ನ ಕೈಗೆ ಬಂದಿದೆ. ಎಲ್ಲ ಪತ್ರಿಕೆಗೂ ಬೇಡ. ದಿನದ ಮೊದಲ ಒಂದು ಹಾಳೆಗೆ ನಿಮ್ಮ ಬೆರಳಿನಿಂದ ಹಚ್ಚಿ, ಹಚ್ಚುವಾಗ ಮನೆಯ ಒಂದು ಹೆಣ್ಣುಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಯಾಕೆ ಎಂದು ಅವಳು ಕೇಳಿದರೆ ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ಅವಳು ನೋಡಿಕೊಂಡಿದ್ದರೆ ಸಾಕು, ಅದು ಸುವ್ವಿಯ ಮುಂಗೈವರೆಗೆ ಬರುತ್ತದೆ.

ಎಡೆಗೆ ಹೊತ್ತಾಯಿತು, ಸುವ್ವಿ ಕರೆಯುತ್ತಿದ್ದಾಳೆ. ಹೋಳಿಗೆ ಸೀದಿದೆಯೋ ಇಲ್ಲವೋ ಅವಳಿಗೆ ತಿಳಿಯದು, ನಾನೇ ಹೋಗಬೇಕು. ಈ ಪತ್ರದ ನಾಲ್ಕು ಮೂಲೆಗೂ ದುರಗವ್ವ ಅರಿಶಿಣ ಹಚ್ಚಿದ್ದಾಳೆ. ನಿಮ್ಮ ಕೈ ಸೇರುವಾಗ ಅದು ಹಳದಿಯಾಗಿಯೇ ಇದ್ದರೆ, ನಿಮ್ಮಿಂದ ನಮ್ಮವರೆಗೂ ದಾರಿಯ ಗಾಳಿ ಚೆನ್ನಾಗಿದೆ ಎಂದು ತಿಳಿಯಿರಿ.

ನಿಮ್ಮ ಮನೆಯ ಕೂಸು,
ಫಕೀರವ್ವ ಅಚ್ಚಿನಮನಿ